ಒಡೆತನದ ಕಥೆ ಇರುವ ಹಳೆ ನಾಣ್ಯ ಸಂಗ್ರಹಿಸುವುದು ಹೇಗೆ? ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ ಸಮಗ್ರ ಮಾರ್ಗದರ್ಶಿ

ಕಾರವಾರ, ಕುಮಟಾ, ಶಿರಸಿ ಕಡೆಯಿಂದ ನನಗೆ ನಾಣ್ಯ ತೋರಿಸಲು ಬರುವವರು ಹೆಚ್ಚಾಗಿ ಒಂದೇ ಜಾಗದಲ್ಲಿ ಎಡವುತ್ತಾರೆ. ನಾಣ್ಯ ಅಂಗೈಯಲ್ಲಿರುತ್ತದೆ, ಕಥೆ ಬಾಯಲ್ಲಿರುತ್ತದೆ. ಎರಡಕ್ಕೂ ನಂಟು ತೋರಿಸುವ ಒಂದು ಚೀಟಿಯೂ ಇರುವುದಿಲ್ಲ. "ಸೋದೆ ಅರಸರ ಮನೆಯದು ಅಂತ ಹೇಳಿ ಕೊಟ್ರು" ಅನ್ನುತ್ತಾರೆ (ಸೋದೆ ಅಂದರೆ ಶಿರಸಿ ಹತ್ತಿರದ ಹಳೆ ಸಂಸ್ಥಾನ). ಯಾರು ಕೊಟ್ಟರು, ಯಾವಾಗ, ಏತರಲ್ಲಿ ಸುತ್ತಿ ಕೊಟ್ಟರು ಅಂತ ಕೇಳಿದರೆ ಉತ್ತರವಿಲ್ಲ. ಸುತ್ತಿದ್ದ ಕಾಗದ ಬಚ್ಚಲೊಲೆಗೆ ಹೋಗಿರುತ್ತದೆ. ನಾಣ್ಯವನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಮಾಡಿರುತ್ತಾರೆ.

ಒಂದು ನಾಣ್ಯ ಹಿಂದೆ ಯಾರ ಯಾರ ಕೈಯಲ್ಲಿತ್ತು ಅನ್ನುವ ಸರಣಿಗೆ ಸಂಗ್ರಹಕಾರರು ಪ್ರಾವೆನನ್ಸ್ ಅನ್ನುತ್ತಾರೆ. ನಾನು ಸುಮ್ನೆ ಒಡೆತನದ ಕಥೆ ಅಂತ ಬರೆಯುತ್ತೇನೆ. ಕೆಳಗಿನ ಹಂತಗಳನ್ನು ಕೊಟ್ಟ ಕ್ರಮದಲ್ಲೇ ಮಾಡಿ. ಮೂರನೆಯದನ್ನು ಬಿಟ್ಟು ನಾಲ್ಕಕ್ಕೆ ಹಾರಿದರೆ ಕಳೆದುಕೊಂಡದ್ದು ಮತ್ತೆ ಸಿಗುವುದಿಲ್ಲ.

ಮೊದಲು ಕೈಯಲ್ಲಿ ಇರಬೇಕಾದದ್ದು

0.01 ಗ್ರಾಂವರೆಗೆ ತೋರಿಸುವ ಡಿಜಿಟಲ್ ತಕ್ಕಡಿ. ಹತ್ತು ಪಟ್ಟು ದೊಡ್ಡದಾಗಿ ಕಾಣಿಸುವ ಭೂತಗನ್ನಡಿ, ಅಕ್ಕಸಾಲಿಗರು ಕಣ್ಣಿಗೆ ಇಟ್ಟುಕೊಳ್ಳುತ್ತಾರಲ್ಲ, ಅಂಥದ್ದು. ವರ್ನಿಯರ್ ಕ್ಯಾಲಿಪರ್. ಗ್ರಾಫ್ ಹಾಳೆ. ಒಳ್ಳೆ ಕ್ಯಾಮೆರಾ ಇರುವ ಮೊಬೈಲ್, ಅದನ್ನು ಅಲುಗದಂತೆ ನಿಲ್ಲಿಸುವ ಸ್ಟ್ಯಾಂಡ್. ಪಾಲಿಯೆಸ್ಟರ್ ಹಾಳೆಯ ಹೋಲ್ಡರ್‌ಗಳು, ಸಿಲಿಕಾ ಜೆಲ್, ಗಾಳಿಯಾಡದ ಡಬ್ಬಿ. ಕೊನೆಗೆ ಒಂದು ದಪ್ಪ ರಟ್ಟಿನ ನೋಟ್‌ಬುಕ್. ನಾಣ್ಯ ತೊಳೆಯುವ ಯಾವ ದ್ರಾವಣವೂ ಬೇಡ.

ಹಂತ 1: ಯಾವ ಬಗೆಯ ಕಥೆ ಬೇಕು ಅಂತ ತೀರ್ಮಾನಿಸಿ

ಒಡೆತನದ ಕಥೆಯಲ್ಲಿ ಎರಡು ಬಗೆ ಇವೆ. ಮೊದಲನೆಯದು ಹೆಸರಾಂತ ಸಂಗ್ರಹದಿಂದ ಬಂದ ನಾಣ್ಯ. ಬ್ರಿಟಿಷ್ ಇಂಡಿಯಾ ನಾಣ್ಯಗಳಲ್ಲಿ ಮೇಜರ್ ಪ್ರಿಡ್‌ಮೋರ್ ಅವರ ಸಂಗ್ರಹ ಇಂಥದ್ದು. ಅದು 1980ರ ದಶಕದ ಆರಂಭದಲ್ಲಿ ಲಂಡನ್ನಿನಲ್ಲಿ ಹರಾಜಾಯಿತು. ಅಲ್ಲಿಂದ ಹೊರಟ ನಾಣ್ಯಗಳು ಇವತ್ತಿಗೂ ಆ ಹೆಸರು ಹೊತ್ತುಕೊಂಡೇ ಮಾರಾಟವಾಗುತ್ತವೆ. ಇಲ್ಲಿ ಸಾಕ್ಷ್ಯ ಅಂದರೆ ಹರಾಜಿನ ಕ್ಯಾಟಲಾಗ್, ಅದರಲ್ಲಿ ಆ ನಾಣ್ಯಕ್ಕೆ ಕೊಟ್ಟ ಲಾಟ್ ನಂಬರ್, ಫೋಟೊ.

ಎರಡನೆಯದು ಮನೆತನದ ನಾಣ್ಯ. ನಮ್ಮ ಜಿಲ್ಲೆಯಲ್ಲಿ ಹೆಚ್ಚು ಸಿಗುವುದು ಇದೇ. ಅಡಿಕೆ ತೋಟದ ಮನೆಯ ದೇವರ ಪೆಟ್ಟಿಗೆ, ಚಿನ್ನದ ಬಿಲ್ಲೆಗಳ ಪುತಳಿ ಸರ, ಮದುವೆ ಮುಯ್ಯಿ, ಬಂದರಿನ ವ್ಯಾಪಾರಿಯ ತಿಜೋರಿ. ಇಲ್ಲಿ ಸಾಕ್ಷ್ಯವನ್ನು ನೀವೇ ಕಟ್ಟಬೇಕು.

ಹೊಸಬರು ಎರಡನ್ನೂ ಒಟ್ಟಿಗೆ ಹಿಡಿಯಬೇಡಿ. ನನ್ನನ್ನು ಕೇಳಿದರೆ ಮನೆತನದ ನಾಣ್ಯದಿಂದಲೇ ಶುರು ಮಾಡಿ ಅನ್ನುತ್ತೇನೆ. ಖರ್ಚು ಕಡಿಮೆ. ಕೇಳಿ ತಿಳಿಯಬಹುದಾದ ಜನ ಇನ್ನೂ ಬದುಕಿದ್ದಾರೆ. ಇನ್ನು ಹತ್ತು ವರ್ಷ ಬಿಟ್ಟರೆ ಅವರಲ್ಲಿ ಎಷ್ಟೋ ಜನ ಇರುವುದಿಲ್ಲ.

ಹಂತ 2: ಅಸಲಿ ನೋಡಿ ಕಣ್ಣು ಪಳಗಿಸಿ

ಕನಿಷ್ಠ ಎರಡು ಮೂರು ತಿಂಗಳು ಏನೂ ಕೊಳ್ಳಬೇಡಿ. ಕಾರವಾರ, ಕುಮಟಾದಿಂದ ರೈಲು ಹತ್ತಿದರೆ ಉಡುಪಿ. ಅಲ್ಲಿ ಕಾರ್ಪೊರೇಷನ್ ಬ್ಯಾಂಕ್ ಕಟ್ಟಿದ ಹಾಜಿ ಅಬ್ದುಲ್ಲಾ ಸಾಹೇಬರ ಹಳೆ ಮನೆಯಲ್ಲಿ ಆ ಬ್ಯಾಂಕಿನವರು ಮಾಡಿದ ನಾಣ್ಯ ಸಂಗ್ರಹಾಲಯ ಇದೆ. ನಿಂತು ನೋಡಿ. ದೊಡ್ಡ ಹರಾಜು ಸಂಸ್ಥೆಗಳು ಹಿಂದಿನ ಹರಾಜುಗಳ ಫೋಟೊಗಳನ್ನು ಆನ್‌ಲೈನ್‌ನಲ್ಲಿ ಪುಕ್ಕಟೆ ಇಟ್ಟಿರುತ್ತಾರೆ. ದಿನಕ್ಕೆ ಹತ್ತು ನಾಣ್ಯ ನೋಡಿದರೂ ಸಾಕು.

ನಮ್ಮ ಕಡೆ ಕೈಗೆ ಬರುವ ಬಗೆಗಳನ್ನೇ ಮೊದಲು ಕಲಿಯಿರಿ. ಕೆಳದಿ ಅರಸರ ಇಕ್ಕೇರಿ ವರಹ ಸುಮಾರು 3.4 ಗ್ರಾಂ ತೂಗುವ ಚಿನ್ನದ ನಾಣ್ಯ. ಮುಂದೆ ಶಿವ ಪಾರ್ವತಿ, ಹಿಂದೆ ನಾಗರಿಯಲ್ಲಿ ಶ್ರೀ ಸದಾಶಿವ. ಹೈದರ್ ಅಲಿ 1763ರಲ್ಲಿ ಅವರ ರಾಜಧಾನಿ ಬಿದನೂರು ಹಿಡಿದ ಮೇಲೆ ಶಿವ ಪಾರ್ವತಿಯ ಛಾಪನ್ನು ಹಾಗೇ ಉಳಿಸಿಕೊಂಡು, ಹಿಂದೆ ತನ್ನ ಹೆಸರಿನ ಮೊದಲ ಪರ್ಷಿಯನ್ ಅಕ್ಷರ ಹಾಕಿಸಿದ. ಮುಂದೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲೂ ಅದೇ ಶಿವ ಪಾರ್ವತಿ, ಹಿಂದೆ ಶ್ರೀ ಕೃಷ್ಣರಾಜ. ಮುಂದಿನ ಮುಖ ಮಾತ್ರ ನೋಡಿ "ಕೆಳದಿ ಚೆನ್ನಮ್ಮನ ವರಹ" ಅಂತ ಕೊಂಡವರನ್ನು ನಾನು ಕಂಡಿದ್ದೇನೆ. ತಿರುಗಿಸಿ ನೋಡಿದರೆ ಹೈದರನದು.

ಗೋವೆಯ ಗಡಿ ಹತ್ತಿರ ಇರುವುದರಿಂದ ಕಾರವಾರ ಕಡೆಯ ಮನೆಗಳಲ್ಲಿ ಪೋರ್ಚುಗೀಸ್ ರುಪಿಯಾ ಕೂಡ ಸಿಗುತ್ತದೆ. ದೊರೆ ಲೂಯಿಸನ ತಲೆ ಇರುವ 1881, 1882ರ ರುಪಿಯಾ ಟಂಕಿಸಿದ್ದು ಕಲ್ಕತ್ತೆಯಲ್ಲಿ. "ಗೋವೆ ಟಂಕಸಾಲೆಯಿಂದ ನೇರ ನಮ್ಮ ಮುತ್ತಜ್ಜನ ಕೈಗೆ ಬಂತು" ಅಂತ ಯಾರಾದರೂ ಹೇಳಿದರೆ ಅಲ್ಲೇ ಒಂದು ಗುರುತು ಹಾಕಿಕೊಳ್ಳಿ.

ಹಂತ 3: ನಾಣ್ಯ ಹೊರಗೆ ತೆಗೆಯುವ ಮೊದಲು ಹೊದಿಕೆಯ ಫೋಟೊ ತೆಗೆಯಿರಿ

ಇಡೀ ಕೆಲಸದಲ್ಲಿ ಇದೇ ಮುಖ್ಯ. ಜನ ಬಿಡುವುದೂ ಇದನ್ನೇ.

ನಾನು ಹೊಸಬನಾಗಿದ್ದಾಗ ಕುಮಟಾದ ಒಂದು ಮನೆಯಿಂದ ವಿಕ್ಟೋರಿಯಾ ರಾಣಿಯ ತಲೆ ಇರುವ ಎರಡು ರೂಪಾಯಿ ತಂದೆ. ಹಳದಿಯಾದ ಲೆಕ್ಕದ ಹಾಳೆಯಲ್ಲಿ ಸುತ್ತಿ ನೂಲು ಕಟ್ಟಿದ್ದರು. ನೂಲು ಹರಿದೆ, ನಾಣ್ಯ ತೆಗೆದೆ, ಹಾಳೆ ಬಿಸಾಡಿದೆ. ಆರು ತಿಂಗಳ ಮೇಲೆ ಆ ಮನೆಯ ಹಿರಿಯರು ಸಿಕ್ಕಾಗ, "ಹಾಳೆಯಲ್ಲಿ ನಮ್ಮ ಅಪ್ಪನ ಕೈಬರಹ ಇತ್ತಲ್ಲ, ಯಾವ ಹಡಗಿನ ಬಾಬ್ತು ಬಂದ ದುಡ್ಡು ಅಂತ ಬರೆದಿಟ್ಟಿದ್ದರು" ಅಂದರು. ಆ ಎರಡು ನಾಣ್ಯ ಈಗಲೂ ನನ್ನ ಬಳಿ ಇವೆ. ನನ್ನ ಪುಸ್ತಕದಲ್ಲಿ ಅವುಗಳ ಮುಂದೆ "ಕಥೆ ಇಲ್ಲ" ಅಂತ ಬರೆದಿದೆ.

ಹಾಗಾಗಿ ಹೀಗೆ ಮಾಡಿ. ಕರಡಿಗೆ, ಬಟ್ಟೆ ಗಂಟು, ಲಕೋಟೆ, ಏನೇ ಇರಲಿ, ಮುಚ್ಚಿದ ಸ್ಥಿತಿಯಲ್ಲಿ ಒಂದು ಫೋಟೊ. ಬಿಚ್ಚುತ್ತಾ ಒಂದು. ನಾಣ್ಯ ಒಳಗೇ ಇರುವಾಗ ಒಂದು. ತೆಗೆದ ಮೇಲೆ ನಾಣ್ಯ ಮತ್ತು ಹೊದಿಕೆ ಒಂದೇ ಚೌಕಟ್ಟಿನಲ್ಲಿ ಬರುವ ಹಾಗೆ ಇನ್ನೊಂದು. ಹಾಳೆಯ ಎರಡೂ ಬದಿ. ನಾಣ್ಯ ಒತ್ತಿ ಬಿದ್ದ ಗುಂಡನೆ ಕಲೆ ಕಾಗದದ ಮೇಲಿದ್ದರೆ ಅದನ್ನು ಹತ್ತಿರದಿಂದ ತೆಗೆಯಿರಿ, ಅಳತೆ ಬರೆದಿಡಿ. ಇದೇ ನಾಣ್ಯ ಇದೇ ಕಾಗದದಲ್ಲಿ ಬಹಳ ಕಾಲ ಇತ್ತು ಅನ್ನಲು ಅಂಥ ಕಲೆಗಿಂತ ಒಳ್ಳೆ ಸಾಕ್ಷಿ ಕಡಿಮೆ.

ವಿದೇಶದ ಹಳೆ ಸಂಗ್ರಹದ ನಾಣ್ಯದ ಜೊತೆ ಸಣ್ಣ ಗುಂಡನೆ ರಟ್ಟಿನ ಬಿಲ್ಲೆ ಬರುವುದುಂಟು. ಮರದ ತಟ್ಟೆಯ ಗುಳಿಯಲ್ಲಿ ನಾಣ್ಯದ ಅಡಿಗೆ ಇಡುತ್ತಿದ್ದ ಚೀಟಿ ಅದು. ಕೊಂಡ ತಾರೀಖು, ಕೊಟ್ಟವರ ಹೆಸರು, ತೂಕ ಅದರ ಮೇಲಿರಬಹುದು. ಬೆಲೆಯನ್ನು ಗುಟ್ಟಿನ ಅಕ್ಷರದಲ್ಲಿ ಬರೆದಿರುವುದೂ ಉಂಟು. ಚೀಟಿ ಅಸಲಿ, ನಾಣ್ಯ ಬೇರೆ ಆಗಿರುವ ಸಾಧ್ಯತೆ ಯಾವಾಗಲೂ ಇರುತ್ತದೆ. ಚೀಟಿಯಲ್ಲಿ ಬರೆದ ತೂಕಕ್ಕೂ ನಿಮ್ಮ ತಕ್ಕಡಿಗೂ ಹೊಂದುತ್ತದಾ ನೋಡಿ.

ಹಂತ 4: ಕಥೆ ಮರೆತು ನಾಣ್ಯವನ್ನು ಪರೀಕ್ಷಿಸಿ

ಅಂಚು ಹಿಡಿದು ಎತ್ತಿ, ಮುಖ ಮುಟ್ಟಬೇಡಿ. ತೂಕ, ಅಡ್ಡಳತೆ ಬರೆದುಕೊಳ್ಳಿ. 1835ರ ನಂತರದ ಬೆಳ್ಳಿ ರೂಪಾಯಿಯ ಪೂರ್ತಿ ತೂಕ 11.66 ಗ್ರಾಂ, ಬೆಳ್ಳಿ ನೂರಕ್ಕೆ 91.7. ಸವೆದದ್ದು 11.4, 11.5 ಬರಬಹುದು. 10.8 ಬಂದರೆ ಅನುಮಾನಿಸಿ. 12 ದಾಟಿದರೆ ನಕಲಿ ಅಂತಲೇ ಇಟ್ಟುಕೊಳ್ಳಿ. 1940ರಿಂದ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕೆ ಇಳಿಯಿತು. ಅದನ್ನು ಹಳೆ ರೂಪಾಯಿ ಜೊತೆ ಸೇರಿಸಬೇಡಿ.

ಈಗ ನೀರಿನ ಪರೀಕ್ಷೆ. ತಕ್ಕಡಿ ಮೇಲೆ ಸಣ್ಣ ಲೋಟದಲ್ಲಿ ಡಿಸ್ಟಿಲ್ಡ್ ವಾಟರ್ ಇಟ್ಟು ಸೊನ್ನೆ ಮಾಡಿ. ನಾಣ್ಯವನ್ನು ತೆಳು ನೂಲಿನಲ್ಲಿ ಕಟ್ಟಿ, ತಳಕ್ಕೂ ಬದಿಗೂ ತಾಗದ ಹಾಗೆ ನೀರಿನಲ್ಲಿ ಮುಳುಗಿಸಿ ಹಿಡಿಯಿರಿ. ತಕ್ಕಡಿ ತೋರಿಸುವ ಅಂಕಿಯಿಂದ ನಾಣ್ಯದ ತೂಕವನ್ನು ಭಾಗಿಸಿ. 11.66 ಗ್ರಾಂ ರೂಪಾಯಿಗೆ ಸುಮಾರು 1.13 ಬರಬೇಕು, ಭಾಗಿಸಿದರೆ 10.3. ಉತ್ತರ 9ಕ್ಕಿಂತ ಕೆಳಗೆ ಬಂದರೆ ಒಳಗೆ ಬೆಳ್ಳಿ ಇಲ್ಲ. 22 ಕ್ಯಾರೆಟ್ ಚಿನ್ನಕ್ಕೆ 17.7ರ ಆಸುಪಾಸು ಬರಬೇಕು. ನಾಣ್ಯದ ಮೇಲೆ ಗುಳ್ಳೆ ಕಂಡರೆ ಅಲುಗಿಸಿ ಬಿಡಿಸಿ, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಆಮೇಲೆ ಮೆತ್ತಗಿನ ಹತ್ತಿ ಬಟ್ಟೆಯಲ್ಲಿ ಒತ್ತಿ ಒಣಗಿಸಿ, ತಿಕ್ಕಬೇಡಿ. ಹಸಿರು ಪುಡಿ ಏಳುತ್ತಿರುವ ತಾಮ್ರದ ನಾಣ್ಯಕ್ಕೆ ಮಾತ್ರ ಈ ಪರೀಕ್ಷೆ ಬೇಡ.

ಭೂತಗನ್ನಡಿಯಲ್ಲಿ ಅಂಚಿನ ಸುತ್ತ ನೋಡಿ. ಎರಕದ ನಕಲಿಗೆ ಅಂಚಿನಲ್ಲಿ ಕೂಡಿದ ಗೆರೆ, ಮೇಲ್ಮೈಯಲ್ಲಿ ಸೂಜಿಮೊನೆಯಷ್ಟು ಗುಳಿ, ಅಕ್ಷರದ ಅಂಚು ಸಾಬೂನು ಕರಗಿದ ಹಾಗೆ ಇರುತ್ತದೆ. ಪೇಟೆ ಬೀದಿಯಲ್ಲಿ, ಜಾತ್ರೆಯಲ್ಲಿ ರಾಮ ಸೀತೆ, ಹನುಮಂತನ ಚಿತ್ರದ ಜೊತೆ ಈಸ್ಟ್ ಇಂಡಿಯಾ ಕಂಪನಿ 1818 ಅಂತ ಅಚ್ಚಾದ ಬಿಲ್ಲೆ ಮಾರುತ್ತಾರೆ. ಕಂಪನಿ ಅಂಥ ನಾಣ್ಯ ಟಂಕಿಸಲೇ ಇಲ್ಲ. ಅದಕ್ಕೆ ಯಾವ ಕಥೆ ಹೇಳಿದರೂ ಮುಂದೆ ನಡೆಯಿರಿ.

ಹಂತ 5: ಹೇಳುವವರ ಮಾತನ್ನು ಅವತ್ತೇ ದಾಖಲಿಸಿ

ಅನುಮತಿ ಕೇಳಿ ಮೊಬೈಲ್‌ನಲ್ಲಿ ಧ್ವನಿ ರೆಕಾರ್ಡ್ ಮಾಡಿ. ವರ್ಷ ಕೇಳಬೇಡಿ, ಘಟನೆ ಕೇಳಿ. ಶಿರಸಿ ಹತ್ತಿರದ ತೋಟದ ಮನೆಯೊಂದರಲ್ಲಿ ಹಿರಿಯಮ್ಮ ಒಬ್ಬರು ಹಿತ್ತಾಳೆ ಕರಡಿಗೆ ತೆರೆದು ಒಂದು ವಿಕ್ಟೋರಿಯಾ ರೂಪಾಯಿ ತೋರಿಸಿದರು.

"ಯಾವ ವರ್ಷ ನಿಮ್ಮ ಕೈಗೆ ಬಂತು ಅಮ್ಮಾ?"

"ವರ್ಷ ಎಲ್ಲ ನೆನಪಿಲ್ಲೆ ತಮಾ. ದೊಡ್ಡ ಮಗ ಹುಟ್ಟಿದ ಮಳೆಗಾಲ. ತೋಟಕ್ಕೆ ಕೊಳೆ ಬಂದು ಅಡಿಕೆ ಪೂರಾ ಉದುರಿತ್ತು. ಮಾವನವರು ತೊಟ್ಟಿಲಿಗೆ ಹಾಕಿ ಅಂತ ಕೊಟ್ಟಿದ್ದು."

ಮಗನ ಶಾಲೆಯ ಸರ್ಟಿಫಿಕೇಟ್ ಮನೆಯಲ್ಲೇ ಇತ್ತು. ವರ್ಷ ಸಿಕ್ಕಿತು. ಮಾವನವರಿಗೆ ಎಲ್ಲಿಂದ ಬಂತು ಅಂತ ಕೇಳಿದಾಗ, ಅವರ ಮದುವೆಯ ಮುಯ್ಯಿ ಅಂದರು. ಅಟ್ಟದಿಂದ ಮುಯ್ಯಿ ಪಟ್ಟಿ ಇಳಿಸಿದೆವು. ಅದರಲ್ಲಿ ಮಾವನವರ ಸೋದರಮಾವನ ಹೆಸರಿನ ಮುಂದೆ "ರಾಣಿ ಛಾಪಿನ ರೂಪಾಯಿ 1" ಅಂತ ಬರೆದಿತ್ತು. ಒಬ್ಬರ ನೆನಪಿನ ಹಿಂದೆ ಎರಡು ಕಾಗದ ನಿಂತವು. ಆ ಪಟ್ಟಿಯಲ್ಲಿ ಉಳಿದವರೆಲ್ಲ ಬರೀ "ರೂ. 1" ಅಂತಲೇ ಇದ್ದರು. ಈ ಒಂದನ್ನು ಮಾತ್ರ ಬರೆದವರು ಬೇರೆಯಾಗಿ ಗುರುತಿಸಿದ್ದಾರೆ ಅನ್ನುವುದೇ ನನಗೆ ಬಹಳ ಹಿಡಿಸಿತು.

ನಮ್ಮ ಕಡೆಯ ಮನೆಗಳಲ್ಲಿ ಹುಡುಕಬೇಕಾದ ಕಾಗದ ಇವು: ಮುಯ್ಯಿ ಪಟ್ಟಿ, ಕಿರ್ದಿ ಮತ್ತು ಖತಾವಣಿ (ಹಳೆ ಲೆಕ್ಕದ ಪುಸ್ತಕಗಳು), ಪಾಲುಪತ್ರ, ಅಕ್ಕಸಾಲಿಗರ ಚೀಟಿ, ನಾಣ್ಯದ ಸರ ಹಾಕಿಕೊಂಡ ಮದುವೆ ಫೋಟೊ. ಪುತಳಿ ಸರದಲ್ಲಿ ಇರುವುದು ವೆನಿಸ್ ಡುಕಾಟ್ ಇರಬಹುದು, ಅದನ್ನು ನೋಡಿ ಇಲ್ಲಿ ಮಾಡಿದ ಬಿಲ್ಲೆಯೂ ಇರಬಹುದು. ಅಸಲಿ ಡುಕಾಟ್ ಸುಮಾರು 3.5 ಗ್ರಾಂ, ಹೆಚ್ಚುಕಡಿಮೆ ಅಪ್ಪಟ ಚಿನ್ನ. ಬೆಸುಗೆ ಹಾಕಿದ ಕೊಂಡಿಯಿಂದ ನಾಣ್ಯದ ಬೆಲೆ ಇಳಿಯುತ್ತದೆ, ನಿಜ. ಆದರೂ ಕೊಂಡಿ ಕೀಳಿಸಬೇಡಿ. ಆ ಸರದ್ದೇ ನಾಣ್ಯ ಅನ್ನಲು ಇರುವ ಗುರುತು ಅದೇ.

ಕೊನೆಗೆ ಕೊಡುವವರಿಂದ ಒಂದು ಪತ್ರ ಬರೆಸಿಕೊಳ್ಳಿ. ನಾಣ್ಯದ ತೂಕ, ಫೋಟೊ, ಅವರಿಗೆ ಬಂದ ಬಗೆ, ತಾರೀಖು, ಸಹಿ, ಇಬ್ಬರು ಸಾಕ್ಷಿ. "ಕೇಳಿದ್ದು" ಮತ್ತು "ಕಣ್ಣಾರೆ ಕಂಡದ್ದು" ಬೇರೆ ಬೇರೆ ಸಾಲಿನಲ್ಲಿ ಇರಲಿ.

ಹಂತ 6: ಕಥೆಯ ಕಾಲಕ್ಕೂ ನಾಣ್ಯದ ಕಾಲಕ್ಕೂ ತಾಳೆ ನೋಡಿ

ಹತ್ತು ನಿಮಿಷದ ಕೆಲಸ, ದೊಡ್ಡ ನಷ್ಟ ತಪ್ಪಿಸುತ್ತದೆ. ಹೈದರನ ದಂಡು ಸೋದೆಯನ್ನು ಹಿಡಿದದ್ದು 1760ರ ದಶಕದಲ್ಲಿ. ಅರಸರು ಗೋವೆಗೆ ಹೋದರು. "ಸೋದೆ ಕೋಟೆಯಲ್ಲಿ ಅರಸರು ನಮ್ಮ ಹಿರಿಯರಿಗೆ ಕೊಟ್ಟದ್ದು" ಅಂತ ತೋರಿಸುವ ರೂಪಾಯಿ ಮೇಲೆ 1840 ಇದ್ದರೆ ಆ ಕಥೆ ಅಲ್ಲಿಗೆ ಮುಗಿಯಿತು, ಅಲ್ವಾ? ಟಿಪ್ಪುವಿನ ನಾಣ್ಯಗಳಲ್ಲಿ ಅವನೇ ಶುರು ಮಾಡಿದ ಮೌಲೂದಿ ಶಕೆಯ ವರ್ಷಗಳ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆದಿರುತ್ತಾರೆ. ಎಡದಿಂದ ಓದಿ ತಪ್ಪು ವರ್ಷ ಹಿಡಿದವರು ಬಹಳ.

ನಾಣ್ಯ ಕಥೆಗಿಂತ ಹಳೆಯದಾಗಿದ್ದರೆ ತೊಂದರೆ ಇಲ್ಲ. ಕಥೆ ನಾಣ್ಯಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಹೇಳಿದವರು ಸುಳ್ಳು ಹೇಳಿದರು ಅಂತ ಮಾತ್ರ ಅಂದುಕೊಳ್ಳಬೇಡಿ. ಒಂದೇ ಡಬ್ಬಿಯ ಎರಡು ನಾಣ್ಯದ ಕಥೆ ಅದಲು ಬದಲಾಗಿರುವುದೇ ಜಾಸ್ತಿ. ಡಬ್ಬಿಯ ಉಳಿದ ನಾಣ್ಯಗಳನ್ನೂ ನೋಡಲು ಕೇಳಿ.

ಹಂತ 7: ಹರಾಜಿನ ಫೋಟೊ ಜೊತೆ ಹೋಲಿಸಿ

"ಇಂಥವರ ಸಂಗ್ರಹದ್ದು" ಅಂತ ಡೀಲರ್ ಹೇಳಿದರೆ ಹರಾಜಿನ ತಾರೀಖು, ಲಾಟ್ ನಂಬರ್ ಕೇಳಿ. ಎರಡೂ ಕೊಡದಿದ್ದರೆ ಅದು ಬರೀ ಮಾತು. ಕೊಟ್ಟರೆ ಕ್ಯಾಟಲಾಗಿನ ಆ ಪುಟ ಹುಡುಕಿ. ನಾಸಿಕ್ ಹತ್ತಿರದ ಅಂಜನೇರಿಯಲ್ಲಿ ನಾಣ್ಯಶಾಸ್ತ್ರ ಸಂಶೋಧನಾ ಸಂಸ್ಥೆ ಇದೆ. ಪತ್ರ ಬರೆದು ವಿಚಾರಿಸಬಹುದು.

ನಿಮ್ಮ ನಾಣ್ಯವನ್ನು ಗ್ರಾಫ್ ಹಾಳೆ ಮೇಲಿಟ್ಟು, ಬೆಳಕು ಒಂದು ಬದಿಯಿಂದ ಬೀಳುವ ಹಾಗೆ ಫೋಟೊ ತೆಗೆದು ಎರಡನ್ನೂ ಒಂದೇ ಅಳತೆಗೆ ತನ್ನಿ. ಕೈಯಲ್ಲಿ ಹೊಡೆದ ವರಹ, ಕಾಸುಗಳಲ್ಲಿ ಹೋಲಿಕೆ ಸುಲಭ. ಪ್ರತಿ ಬಿಲ್ಲೆಯ ಆಕಾರ ಬೇರೆ. ಅಂಚಿನ ಬಿರುಕು, ಛಾಪು ಯಾವ ಕಡೆ ಸರಿದಿದೆ, ಯಾವ ಅಕ್ಷರ ಅರ್ಧ ಕಡಿದಿದೆ ನೋಡಿ. ಯಂತ್ರದ ರೂಪಾಯಿಗಳಲ್ಲಿ ಕೆನ್ನೆ ಮೇಲಿನ ಗೀರು, ಅಂಚಿನ ತಗ್ಗು, ಕಪ್ಪು ಕಲೆ ಹುಡುಕಬೇಕು. ಐದಾರು ಗುರುತು ಕೂಡಿಬಂದರೆ ಒಳ್ಳೆಯದು.

ಇಲ್ಲೊಂದು ಎಚ್ಚರ ಬೇಕು. ಅಸಲಿಯಿಂದ ಅಚ್ಚು ತೆಗೆದು ಎರಕ ಹೊಯ್ದರೆ ಗೀರು, ಬಿರುಕು ಎಲ್ಲ ಹಾಗೇ ನಕಲಿಗೂ ಬರುತ್ತವೆ! ಫೋಟೊ ಪೂರ್ತಿ ಹೊಂದುತ್ತದೆ. ಅದಕ್ಕೇ ಕ್ಯಾಟಲಾಗಿನ ತೂಕವನ್ನು ಎರಡನೇ ದಶಾಂಶದವರೆಗೆ ಹೋಲಿಸಿ. ಅದೇ ಬಿರುಕಿನ, ಅದೇ ಆಕಾರದ ಎರಡು ವರಹ ಎರಡು ಕಡೆ ಮಾರಾಟಕ್ಕೆ ಇದ್ದರೆ ಒಂದಾದರೂ ನಕಲಿಯೇ.

ಇನ್ನೊಂದು ಮೋಸ ರೀಸ್ಟ್ರೈಕ್ ನಾಣ್ಯದ್ದು. ಹಳೆ ಅಚ್ಚುಗಳಿಂದ ಟಂಕಸಾಲೆಗಳೇ ಸಂಗ್ರಹಕಾರರಿಗಾಗಿ ಇಪ್ಪತ್ತನೇ ಶತಮಾನದಲ್ಲೂ ನಾಣ್ಯ ಹೊಡೆದುಕೊಟ್ಟಿವೆ. ಕನ್ನಡಿಯಂತೆ ಹೊಳೆಯುವ 1840ರ ನಾಣ್ಯ "ಅಜ್ಜನ ಅಜ್ಜನ ಪೆಟ್ಟಿಗೆಯಿಂದ" ಬಂದರೆ ಈ ಸಾಧ್ಯತೆ ಮೊದಲು ನೆನಪಿಸಿಕೊಳ್ಳಿ.

ಹಂತ 8: ಕಾನೂನು

ಮಣ್ಣಿನಿಂದ ಸಿಕ್ಕ ನಾಣ್ಯ ಕೊಳ್ಳಬೇಡಿ. ಗದ್ದೆ ಉಳುವಾಗ, ಮನೆ ಪಾಯ ತೋಡುವಾಗ ಸಿಕ್ಕ ನಿಧಿಯ ಬಗ್ಗೆ ಜಿಲ್ಲಾಡಳಿತಕ್ಕೆ ತಿಳಿಸಬೇಕು ಅಂತ ಕಾಯ್ದೆ ಇದೆ. ಕರ್ನಾಟಕದ್ದು 1962ರ ಕಾಯ್ದೆ. ನಮಗೆ ಕಾರವಾರದ ಜಿಲ್ಲಾಧಿಕಾರಿ ಕಚೇರಿ. "ಮಿರ್ಜಾನ್ ಕೋಟೆ ಬುಡದಲ್ಲಿ ಸಿಕ್ಕಿದ್ದು" ಅಂತ ಹೇಳುವವರು ಬೆಲೆ ಹೆಚ್ಚಿಸಲು ಹೇಳುತ್ತಾರೆ. ಅದು ಸಂರಕ್ಷಿತ ಸ್ಮಾರಕ. ಮಾತು ನಿಜವಾದರೆ ನಿಮಗೆ ಇನ್ನೂ ದೊಡ್ಡ ತೊಂದರೆ.

ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆ ಪ್ರಕಾರ ಪುರಾತನ ವಸ್ತು. ಅದನ್ನು ದೇಶದ ಹೊರಗೆ ಕಳಿಸುವಂತಿಲ್ಲ. ದುಬೈಯಲ್ಲಿರುವ ಭಾವನಿಗೆ ಉಡುಗೊರೆ ಅಂತಲೂ ಇಲ್ಲ. ಅದರ ವ್ಯಾಪಾರ ಮಾಡುವವರಿಗೆ ಲೈಸೆನ್ಸ್ ಬೇಕು, ಕೊಳ್ಳುವಾಗ ಕೇಳಿ ನೋಡಿ.

ಕಾಗದ ಎಷ್ಟು ಕೆಲಸ ಮಾಡುತ್ತದೆ ಅನ್ನುವುದಕ್ಕೆ ಅಮೆರಿಕದ 1933ರ ಇಪ್ಪತ್ತು ಡಾಲರ್ ಚಿನ್ನದ ನಾಣ್ಯ ನೋಡಿ. ಅದನ್ನು ಚಲಾವಣೆಗೇ ಬಿಡಲಿಲ್ಲ, ಹೊರಗೆ ಹೋದವನ್ನು ಸರ್ಕಾರ ಹುಡುಕಿ ವಶಪಡಿಸಿಕೊಂಡಿತು. ಈಜಿಪ್ಟಿನ ದೊರೆ ಫಾರೂಕನಿಗಾಗಿ ಒಂದಕ್ಕೆ ಮಾತ್ರ 1944ರಲ್ಲಿ ಅಮೆರಿಕ ಸರ್ಕಾರವೇ ರಫ್ತು ಪರವಾನಗಿ ಕೊಟ್ಟಿತ್ತು. ಅವನದು ಅಂತ ಹೇಳಲಾದ ನಾಣ್ಯವನ್ನು ಕೊನೆಗೆ ಮಾರಲು ಬಿಟ್ಟದ್ದರ ಹಿಂದೆ ಆ ಪರವಾನಗಿಯ ಬಲ ಇತ್ತು. 2002ರಲ್ಲಿ ಅದು 75 ಲಕ್ಷ ಡಾಲರ್ ದಾಟಿತು, 2021ರಲ್ಲಿ 1 ಕೋಟಿ 88 ಲಕ್ಷ ಡಾಲರ್ ದಾಟಿತು.

ಹಂತ 9: ಬೆಲೆ ಎರಡು ಭಾಗ ಮಾಡಿ

ಮೊದಲು ಕಥೆ ಇಲ್ಲದ ಅದೇ ಬಗೆಯ, ಅದೇ ಸವೆತದ ನಾಣ್ಯ ಹಿಂದಿನ ಹರಾಜುಗಳಲ್ಲಿ ಎಷ್ಟಕ್ಕೆ ಹೋಗಿದೆ ನೋಡಿ. ಅದು ನಾಣ್ಯದ ಬೆಲೆ. ಅದಕ್ಕಿಂತ ಮೇಲೆ ಕೇಳುವುದು ಕಥೆಯ ಬೆಲೆ. ಕೈಯಲ್ಲಿ ಹಿಡಿಯಬಹುದಾದ ಕಾಗದಕ್ಕೆ ಮಾತ್ರ ಅದನ್ನು ಕೊಡಿ. ಮನೆತನದ ಕಥೆಗೆ ಮರುಮಾರಾಟದಲ್ಲಿ ಹೆಚ್ಚು ಸಿಗುವುದಿಲ್ಲ. ಇಷ್ಟವಿದ್ದರೆ ಕೊಳ್ಳಿ, ಲಾಭಕ್ಕೆ ಬೇಡ. ಕಂಪನಿಯೊಂದು ಗ್ರೇಡಿಂಗ್ ಮಾಡಿ, ಅಂದರೆ ನಾಣ್ಯದ ಸ್ಥಿತಿಗೆ ದರ್ಜೆ ಕೊಟ್ಟು, ಪ್ಲಾಸ್ಟಿಕ್ ಸ್ಲ್ಯಾಬ್‌ನಲ್ಲಿ ಸೀಲ್ ಮಾಡಿದ್ದಾದರೆ ಸರ್ಟಿಫಿಕೇಟ್ ನಂಬರ್ ಅನ್ನು ಆ ಕಂಪನಿಯ ಜಾಲತಾಣದಲ್ಲಿ ತಾಳೆ ನೋಡಿ.

ನೀವು ಮಾರುವಾಗ ಯಾರಾದರೂ ಮುಂಗಡ ಕಮಿಷನ್, ತೆರಿಗೆ ಅಂತ ಹಣ ಕೇಳಿದರೆ ಫೋನ್ ಇಡಿ. ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಹೀಗೆ ಮೋಸ ಮಾಡುತ್ತಾರೆ ಅಂತ ಆ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ.

ಹಂತ 10: ಕರಾವಳಿ ಮಳೆಗಾಲದಿಂದ ಕಾಪಾಡಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಗೋಡೆಯೇ ಬೆವರುತ್ತದೆ. ಕೆಳಗಿನವರಿಗೆ ಉಪ್ಪುಗಾಳಿ ಬೇರೆ. ಮೆತ್ತಗಿನ, ವಾಸನೆ ಬರುವ ಪಿವಿಸಿ ಕವರ್‌ನಲ್ಲಿ ಇಟ್ಟರೆ ವರ್ಷ ಕಳೆಯುವುದರೊಳಗೆ ಹಸಿರು ಜಿಗುಟು ಹಿಡಿಯಬಹುದು. ಪಾಲಿಯೆಸ್ಟರ್ ಹೋಲ್ಡರ್ ಬಳಸಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ. ನೀಲಿ ಹರಳು ಗುಲಾಬಿ ಆದರೆ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿ ಮಾಡಿ ನೀಲಿಗೆ ತನ್ನಿ. ಅಡುಗೆಯ ಬಾಣಲೆ ಬೇಡ, ಹಳೆಯದೊಂದು ಇದಕ್ಕೇ ಇಡಿ. ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆ ನೋಡಬೇಕು.

ರಬ್ಬರ್ ಬ್ಯಾಂಡ್, ವೃತ್ತಪತ್ರಿಕೆ ಬೆಳ್ಳಿಯನ್ನು ಕಪ್ಪು ಮಾಡುತ್ತವೆ. ಮೂಲ ಚೀಟಿಯನ್ನು ನಾಣ್ಯಕ್ಕೆ ತಾಗಿಸದೆ, ಪಕ್ಕದಲ್ಲೇ ಬೇರೆ ಪಾಲಿಯೆಸ್ಟರ್ ಕವರ್‌ನಲ್ಲಿ ಇಡಿ. ತಾಮ್ರದ ಕಾಸಿನ ಮೇಲೆ ತಿಳಿ ಹಸಿರು ಪುಡಿ ಎದ್ದು ಬೆರಳಿಗೆ ಬಂದರೆ ಅದನ್ನು ಉಳಿದವುಗಳಿಂದ ಕೂಡಲೇ ದೂರ ಇಡಿ. ದೀಪಾವಳಿ ಲಕ್ಷ್ಮೀಪೂಜೆಗೆ ಮನೆಯವರು ನಾಣ್ಯ ಕೇಳಿದರೆ ಹೋಲ್ಡರ್ ಸಮೇತ ಕೊಡಿ. ಕುಂಕುಮ, ಹಾಲು, ಹುಣಸೆಹುಳಿ, ಹಿತ್ತಾಳೆ ತೊಳೆಯುವ ಪುಡಿ ಯಾವುದೂ ತಾಗಬಾರದು ಅಂತ ಮೊದಲೇ ಹೇಳಿ.

ಹಂತ 11: ಪುಸ್ತಕ ಬರೆಯಿರಿ

ಒಂದು ನಾಣ್ಯಕ್ಕೆ ಒಂದು ಪುಟ. ಮೇಲೆ ನಂಬರ್, ಅದೇ ನಂಬರ್ ಹೋಲ್ಡರ್ ಮೇಲೆ. ನಾಣ್ಯದ ಮೇಲೆ ಶಾಯಿಯಲ್ಲಿ ಬರೆಯಬೇಡಿ. ತೂಕ, ಅಳತೆ, ನೀರಿನ ಪರೀಕ್ಷೆಯ ಅಂಕಿ, ಫೋಟೊ, ಕೊಟ್ಟವರು, ತಾರೀಖು, ಕೊಟ್ಟ ಹಣ. ಕೆಳಗೆ ಒಡೆತನದ ಸರಣಿ: ಹೊಸದರಿಂದ ಹಳೆಯದಕ್ಕೆ, ಒಬ್ಬೊಬ್ಬರಿಗೆ ಒಂದು ಸಾಲು. ಸಾಲಿನ ಮುಂದೆ ಸಾಕ್ಷ್ಯ ಯಾವುದು: ಕಾಗದ, ಫೋಟೊ, ಅಥವಾ ಬಾಯಿಮಾತು. ನಡುವೆ ಇಪ್ಪತ್ತು ವರ್ಷ ಗೊತ್ತಿಲ್ಲದಿದ್ದರೆ ಆ ಸಾಲನ್ನು ಖಾಲಿ ಬಿಡಿ, ಊಹೆ ತುಂಬಬೇಡಿ. ಖಾಲಿ ಸಾಲು ಮುಂದೆ ಯಾವುದೋ ಅಟ್ಟದ ಕಿರ್ದಿಯಿಂದ ತುಂಬಬಹುದು.

ಪುಸ್ತಕದ ಪ್ರತಿ ಪುಟವನ್ನೂ ಮೊಬೈಲ್‌ನಲ್ಲಿ ತೆಗೆದು ಮಕ್ಕಳಲ್ಲಿ ಒಬ್ಬರಿಗೆ ಕಳಿಸಿಡಿ. ಪುಸ್ತಕ ಮತ್ತು ನಾಣ್ಯದ ಡಬ್ಬಿ ಒಂದೇ ಕಪಾಟಿನಲ್ಲಿ ಬೇಡ.